ಶೇಷ ಉಳಿಯದ ಚೀಟಿ

ಗಣಿತದ ಮಾಸ್ಟ್ರ ಬಾಯಿ ಹಲ್ಲುನೋವು ಬಂದರೂ ಸುಮ್ಮನಿರುವುದಿಲ್ಲ. ನಿವೃತ್ತರಾದ ಶಾಂತಿಪ್ರಸಾದ ಮಾಸ್ಟ್ರಿಗೆ ಆದ ಫಜೀತಿಯ ಮೂಲವೇ ಅದು. ನಾಲ್ಕು ದಿನದಿಂದ ಗಂಜಿಯ ತಿಳಿಯಲ್ಲೇ ಬದುಕಿದ್ದ ಅವರು, ಇವತ್ತು ಈ ಹಲ್ಲು ಕೀಳಿಸಿಯೇ ಮನೆಗೆ ಹೋಗುವುದೆಂದು ಪಾಣೆಮಂಗಳೂರಿನ ದಂತವೈದ್ಯರಲ್ಲಿಗೆ ಬಂದು, ಹತ್ತೊಂಬತ್ತನೆಯ ಚೀಟಿ ಹಿಡಿದು ಕೂತಿದ್ದರು.

ಪಕ್ಕದಲ್ಲಿ ಹದಿನೆಂಟನೆಯ ಚೀಟಿಯ ಅಮ್ಮಣ್ಣಿ ಹೆದರಿ ನಡುಗುತ್ತಿದ್ದರು. ಮಾಸ್ಟ್ರ ಕರುಳು ಚುರುಕ್ಕೆಂದಿತು.

"ಹೆದರ್ಬೇಡಿ ಅಮ್ಮಾ. ನಿಮ್ಮದು ಹದಿನೆಂಟು. ಒಂದೂ ಎಂಟೂ ಕೂಡಿಸಿದ್ರೆ ಒಂಬತ್ತು. ಒಂಬತ್ತರಿಂದ ಹದಿನೆಂಟನ್ನು ಭಾಗಿಸಿದ್ರೆ ಶೇಷ ಉಳಿಯುದಿಲ್ಲ. ತನ್ನ ಅಂಕಿಗಳ ಮೊತ್ತದಿಂದ ತಾನೇ ಭಾಗವಾಗುವ ಇಂಥದ್ದಕ್ಕೆ ಹರ್ಷದ ಸಂಖ್ಯೆ ಅಂತ ಹೇಳುದು. ಹದಿನೆಂಟು, ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು, ಹೀಗೆ ದೊಡ್ಡ ಸಾಲೇ ಉಂಟು."

ಅಮ್ಮಣ್ಣಿ ಒಳಗೆ ಹೋಗಿ ಹತ್ತೇ ನಿಮಿಷದಲ್ಲಿ ಹತ್ತಿ ಕಚ್ಚಿಕೊಂಡು ಹೊರಬಂದರು. ಬಂದವರೇ ಮಾಸ್ಟ್ರಿಗೆ ಕೈಮುಗಿದರು. "ಗೊತ್ತೇ ಆಗ್ಲಿಲ್ಲ ಮಾಸ್ಟ್ರೇ. ಎಲ್ಲ ನಿಮ್ಮ ಲೆಕ್ಕದ ಪುಣ್ಯ."

ಅಷ್ಟು ಸಾಕಾಯಿತು. ಕೂತವರೆಲ್ಲ ತಮ್ಮ ತಮ್ಮ ಚೀಟಿ ನೋಡಿ ಬೆರಳು ಮಡಚತೊಡಗಿದರು. ನರ್ಸ್ ವಿಸ್ಮಿತಾ "ಹತ್ತೊಂಬತ್ತು" ಎಂದು ಕರೆದಾಗ ಮಾಸ್ಟ್ರು ಎದ್ದರು. ಅವರ ಭುಜ ಹಿಡಿದು ಕೂರಿಸಿದವರು ಇಪ್ಪತ್ತನೆಯ ಚೀಟಿಯ ಅಬ್ದುಲ್ ಹಕೀಂ.

"ಒಂದೂ ಒಂಬತ್ತೂ ಹತ್ತು. ಭಾಗ ಹೋಗುದಿಲ್ಲ ಮಾಸ್ಟ್ರೇ. ಇಷ್ಟು ಉಪಕಾರ ಮಾಡಿದವರನ್ನು ನಾವು ಹೀಗೆ ಒಳಗೆ ಕಳಿಸ್ಲಿಕ್ಕುಂಟಾ?"

"ಅದು ಬರೀ ಲೆಕ್ಕದ ಆಟ ಮಾರಾಯ್ರೇ. ಹಲ್ಲಿಗೂ ಅದಕ್ಕೂ ಎಂಥ ಸಂಬಂಧ?"

"ನಿಮ್ಮ ದೊಡ್ಡ ಗುಣ, ಹಾಗೆ ಹೇಳ್ತೀರಿ," ಎಂದು ಹಕೀಂ ತಾವೇ ಒಳನಡೆದರು.

ಆಮೇಲೆ ಇಪ್ಪತ್ತೊಂದು ಹೋಯಿತು. ಇಪ್ಪತ್ತೆರಡೂ ಇಪ್ಪತ್ತಮೂರೂ ಕದಲಲಿಲ್ಲ, ಇಪ್ಪತ್ತನಾಲ್ಕು ಎದ್ದು ಹೋಯಿತು. ಮಾಸ್ಟ್ರ ಕೆನ್ನೆ ಎಣ್ಣೆಗೆ ಬಿಟ್ಟ ಬನ್ಸಿನ ಹಾಗೆ ಉಬ್ಬಿತು. ಎರಡು ಸಲ ಎದ್ದರು, ಎರಡು ಸಲವೂ ಜನ ಪ್ರೀತಿಯಿಂದ ಹಿಡಿದು ಕೂರಿಸಿದರು. ಕೊನೆಗೆ ಕಲ್ಲಡ್ಕದ ಧರ್ಣಪ್ಪ ತನ್ನ ಬಾತ ದವಡೆಯನ್ನೂ ಮರೆತು, ಮೂವತ್ತನೆಯ ಚೀಟಿಯನ್ನು ಅವರ ಕೈಗಿಟ್ಟ.

"ಇದು ಮೂರರಿಂದ ಸರಿಯಾಗಿ ಹೋಗ್ತದೆ. ನೀವು ಹೋಗಿ ಮಾಸ್ಟ್ರೇ, ನಾನು ಇನ್ನೊಂದು ದಿನ ಬರ್ತೇನೆ."

ಮಾಸ್ಟ್ರ ಕಣ್ಣು ತುಂಬಿತು. ಮೂವತ್ತೈದು ವರ್ಷ ಪಾಠ ಮಾಡಿದ್ದರು, ಒಂದು ಭಾಗಾಕಾರಕ್ಕೆ ಇಷ್ಟು ಋಣ ತೀರಿಸಿದವರನ್ನು ಕಂಡಿರಲಿಲ್ಲ.

ಒಳಗಿದ್ದ ಡಾಕ್ಟರ್ ತೃಪ್ತಿ, ಮಾಸ್ಟ್ರ ಹಳೆಯ ಶಿಷ್ಯೆ. "ನೀವಿಲ್ಲದಿದ್ರೆ ನಾನು ಹತ್ತನೇ ಕ್ಲಾಸು ದಾಟ್ತಿರ್ಲಿಲ್ಲ ಸರ್," ಎಂದು ಕಾಲು ಮುಟ್ಟಿ ನಮಸ್ಕರಿಸಿ, ಕುರ್ಚಿಯಲ್ಲಿ ಒರಗಿಸಿ, ಬಾಯಿಗೆ ಬೆಳಕು ಬಿಟ್ಟು ನೋಡಿದಳು. "ತೆಗೀಬೇಕಾದ್ದು ಮೂವತ್ತೇಳು."

"ಬಾಯಲ್ಲಿ ಇರುದೇ ಮೂವತ್ತೆರಡಲ್ವಾ?"

"ಇದು ನಮ್ಮ ಡಾಕ್ಟ್ರುಗಳ ನಂಬರು ಸರ್. ಕೆಳಗಿನ ಎಡಬದಿಗೆ ಮೂರು. ಅಲ್ಲಿ ಮುಂದಿನಿಂದ ಲೆಕ್ಕ ಹಾಕಿದ್ರೆ ಏಳನೇ ಹಲ್ಲು. ಮೂರು, ಏಳು."

ಬರೀ ಲೆಕ್ಕದ ಆಟವೆಂದು ಬೆಳಗ್ಗಿನಿಂದ ಸಾರುತ್ತಿದ್ದ ಮಾಸ್ಟ್ರ ಬೆರಳುಗಳು ತಾವಾಗಿಯೇ ಮಡಚಿಕೊಂಡವು. ಮೂರೂ ಏಳೂ ಹತ್ತು. ಹತ್ತರಿಂದ ಮೂವತ್ತೇಳನ್ನು ಭಾಗಿಸಿದರೆ ಶೇಷ ಏಳು. ಅವರು ಮೆಲ್ಲಗೆ ಕುರ್ಚಿಯಿಂದಿಳಿದು ಚಪ್ಪಲಿ ಹುಡುಕಿದರು.

"ಇವತ್ತು ಬೇಡ ಮಗಾ. ನಾಳೆ ಬರ್ತೇನೆ."

ತೃಪ್ತಿ ಕೈಯಲ್ಲಿ ಇಕ್ಕಳ ಹಿಡಿದೇ ವಿನಯದಿಂದ ಕೇಳಿದಳು: "ನಾಳೆಯೂ ಅದು ಮೂವತ್ತೇಳೇ ಅಲ್ವಾ ಸರ್?"