ಐ ಫೈವ್ ಐತ್ರೀ?

ಹೊಸದುರ್ಗದ ಗೊಬ್ಬರದಂಗಡಿ ಕೆಂಚಪ್ಪನವರು ಆವತ್ತು ಬೆಳಿಗ್ಗೆ ರೊಟ್ಟಿ ಮುರಿಯುತ್ತಾ ಒಂದು ಘೋರ ಪ್ರತಿಜ್ಞೆ ಮಾಡಿಬಿಟ್ಟರು.

"ಈ ಸಲ ಚೌಕಾಸಿ ಇಲ್ಲ! ಸಹನಾ ಏನು ಬರ್ಕೊಟ್ಟಾಳೋ ಅದೇ ಲ್ಯಾಪ್‌ಟಾಪು ಮನೆಗೆ ಬರ್ತೈತೆ!"

ಚಟ್ನಿ ಬಡಿಸುತ್ತಿದ್ದ ಹೆಂಡತಿ ಸರ್ವಮಂಗಳ ಸೌಟು ಹಿಡಿದು ಹಾಗೇ ನಿಂತರು. "ಯಾಕ್ರೀ, ಮೈಯಾಗೆ ಹುಷಾರಿಲ್ವೇನ್ರೀ?"

ಕೇಳಬೇಕಾದ ಪ್ರಶ್ನೆಯೇ! ಕೆಂಚಪ್ಪನವರಿಗೆ ಐದು ಲೀಟರಿನ ಕುಕ್ಕರ್ ತನ್ನಿ ಅಂದರೆ ಮೂರು ಲೀಟರಿನದು ಬರುತ್ತಿತ್ತು. ರೇಷ್ಮೆ ಸೀರೆ ಅಂದರೆ ರೇಷ್ಮೆಯ ಹಾಗೆ ಹೊಳೆಯುವ ಸೀರೆ ಬರುತ್ತಿತ್ತು. ಮಗಳು ಏಳನೇ ನಂಬರಿನ ಶೂ ಕೇಳಿದ್ದಕ್ಕೆ, ಆರನೇ ನಂಬರಿಗೆ ನೂರು ರೂಪಾಯಿ ಕಡಿಮೆ ಎಂದು ಅದನ್ನೇ ತಂದಿದ್ದ ಪುಣ್ಯಾತ್ಮ! ಹುಡುಗಿ ಬೆರಳು ಮಡಚಿಕೊಂಡು ಅದನ್ನೇ ಹಾಕಿಕೊಂಡು, "ಇರ್ಲಿ ಬಿಡಪ್ಪ" ಅಂದಿದ್ದಳು. ಆ ಮಾತು ಮಾತ್ರ ಕೆಂಚಪ್ಪನವರ ಎದೆಗೆ ನಾಟಿಬಿಟ್ಟಿತ್ತು. ಮಗಳ ಬಾಯಲ್ಲಿ ಇನ್ನೊಂದು ಸಲ ಅದನ್ನು ಕೇಳಬಾರದು, ಒಂದೇ ಒಂದು ಸಲವಾದರೂ ಅವಳು ಕೇಳಿದ್ದನ್ನೇ ಕೈಗಿಡಬೇಕು ಅನ್ನುವುದು ಅವರ ಆಸೆ.

ಬಿ.ಸಿ.ಎ. ಓದುತ್ತಿದ್ದ ಮಗಳು ಸಹನಾಳಿಗೆ ಆವತ್ತು ಕಾಲೇಜಿನಲ್ಲಿ ಟೆಸ್ಟು. ಚೀಟಿ ಬರೆದುಕೊಟ್ಟಳು. "ಐ ಫೈವ್ ಅಂತ ಕೇಳಪ್ಪ, ಅದು ಒಳಗಿರೋ ಪ್ರೊಸೆಸರ್ ನಂಬರು. ಐವತ್ತೈದು ಸಾವಿರ ಆಗ್ಬೋದು."

"ಚೀಟಿ ಹಿಡ್ಕಂಡು ಹೋಗಕೆ ಅದೇನು ರೇಷನ್ ಅಂಗಡೀನಾ? ಬಾಯಾಗೇ ಐತೆ, ಬಿಡು!" ಎಂದು ಕೆಂಚಪ್ಪನವರು ಚೀಟಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಹೊಳಲ್ಕೆರೆ ದಾಟಿ ಚಿತ್ರದುರ್ಗ ಮುಟ್ಟುವವರೆಗೂ "ಐ ಫೈವ್, ಐ ಫೈವ್" ಎಂದು ಜಪ ಮಾಡಿದರು. ಪಕ್ಕದಲ್ಲಿದ್ದ ಮುದುಕಪ್ಪ ಇದ್ಯಾವುದೋ ಹೊಸ ಮಂತ್ರ ಎಂದುಕೊಂಡು ಎರಡು ಸಲ ಕೈ ಮುಗಿದ.

ಬಿ.ಡಿ. ರಸ್ತೆಯ ಕಂಪ್ಯೂಟರ್ ಅಂಗಡಿಯ ಕೌಂಟರಿನಲ್ಲಿ ಇದ್ದವರು ಮೀನಾಕ್ಷಿ ಎಂಬಾಕೆ. ಕುಂದಾಪುರದ ಕಡೆಯವರು. ಚಿತ್ರದುರ್ಗಕ್ಕೆ ಸೊಸೆಯಾಗಿ ಬಂದು ಇನ್ನೂ ಎರಡು ತಿಂಗಳು.

"ಎಂತ ಬೇಕಿತ್ತು ಸರ್?"

ಕೆಂಚಪ್ಪನವರು ಎದೆ ಸೆಟೆಸಿ ಕೇಳಿದರು. "ಐ ಫೈವ್ ಐತ್ರೀ?"

"ಎರಡೂ ಉಂಟು ಸರ್."

ಎರಡಾ? ಇರೋದು ಒಬ್ಬಳೇ ಮಗಳು! ದುರ್ಗದ ಅಂಗಡಿಯವರು ಸಾಮಾನು ದಾಟಿಸೋದರಲ್ಲಿ ಬಲು ಚಾಲಾಕು ಎಂದುಕೊಂಡರು. "ಎರಡು ತಗಂಡು ನಾನೇನ್ ಮಾಡ್ಲಮ್ಮ? ಒಂದೇ ಸಾಕು. ಐತ್ರೀ?"

"ಓ, ಐ ತ್ರೀ! ಉಂಟು ಸರ್."

"ಐತಲ್ಲ, ಮತ್ತೆ ಕೊಡ್ರಿ!"

ಮೀನಾಕ್ಷಿ ಸೀಲ್ ಹಾಕಿದ ಡಬ್ಬಿಯೊಂದನ್ನು ತಂದಿಟ್ಟರು. ಒಳ್ಳೆಯ ವ್ಯಾಪಾರಿಯಂತೆ ಇನ್ನೊಂದು ಸಲ ಖಾತ್ರಿ ಮಾಡಿಕೊಂಡರು. "ಐ ತ್ರೀ ಸರ್. ಬಿಲ್ ಮಾಡಲಾ?"

"ಕಣ್ಮುಂದೇನೇ ಐತಲ್ರೀ, ಮಾಡ್ರಿ!"

ಬಿಲ್ಲು ನೋಡಿ ಕೆಂಚಪ್ಪನವರು ದಂಗಾದರು. ಮೂವತ್ತೆಂಟು ಸಾವಿರ! ತುಟಿ ಬಿಚ್ಚಿ ಚೌಕಾಸಿ ಮಾಡಿಲ್ಲ, ಎದ್ದು ಹೋಗುವ ನಾಟಕ ಆಡಿಲ್ಲ, ಹದಿನೇಳು ಸಾವಿರ ತಾನಾಗಿ ಇಳಿದು ಕಾಲಿಗೆ ಬಿದ್ದಿದೆ! ಮೂವತ್ತು ವರ್ಷ ವ್ಯಾಪಾರ ಮಾಡಿದ ಮುಖದ ತೇಜಸ್ಸು ಅಂದರೆ ಇದು! ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಈ ಕಥೆಯನ್ನು ಅಕ್ಕಪಕ್ಕದವರಿಗೆ, ಕಂಡಕ್ಟರಿಗೆ, ಹೊಳಲ್ಕೆರೆಯಲ್ಲಿ ಹತ್ತಿದ ಹೊಸಬರಿಗೆ ಮತ್ತೆ ಮೊದಲಿನಿಂದ ಹೇಳಿದರು.

ಮನೆಯಲ್ಲಿ ಸಹನಾ ಡಬ್ಬಿ ಒಡೆದು ಲ್ಯಾಪ್‌ಟಾಪನ್ನು ಹೊರಗೆ ತೆಗೆದಳು. "ಅಪ್ಪಾ, ಇದು ಐ ತ್ರೀ."

"ಐತೆ ಅಂತ ನಂಗೊತ್ತಿಲ್ವೇನಮ್ಮ? ತಂದೋನೇ ನಾನು!"

"ಐತೆ ಅಲ್ಲಪ್ಪ, ಐ ತ್ರೀ!" ಅಂಗೈ ಇಡುವ ಜಾಗದಲ್ಲಿ ಅಂಟಿಸಿದ್ದ ಪುಟ್ಟ ಚೀಟಿಯ ಮೇಲೆ ಬೆರಳಿಟ್ಟಳು. ಅಲ್ಲಿ ಮೂರರ ಅಂಕಿ ಕೆಂಚಪ್ಪನವರನ್ನೇ ನೋಡುತ್ತಿತ್ತು. "ಇದ್ರ ಮೇಲಿಂದು ಐ ಫೈವ್. ರೇಟೂ ಜಾಸ್ತಿ."

ಕೆಂಚಪ್ಪನವರ ತಲೆಯೊಳಗೆ ಅಂಗಡಿಯ ಮಾತೆಲ್ಲ ಒಂದೊಂದಾಗಿ ತಿರುಗಿ ಬಂತು. ಅಯ್ಯೋ ಶಿವನೇ! ತಾನು ಬಾಯಿ ತೆರೆದಾಗಲೆಲ್ಲ ಐತ್ರೀ ಅಂದಿದ್ದೇ ಅಂದಿದ್ದು! ತೇಜಸ್ಸು ಇಳಿಯಿತು, ಬೆವರು ಹತ್ತಿತು.

"ನಾಳೆ ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಹೋಗ್ತೀನಮ್ಮ. ವಾಪಸ್ ತಗಳ್ದಿದ್ರೆ ಇದು ನಮ್ ಅಂಗಡಿಗೆ ಇರ್ಲಿ, ನಿಂಗೆ ಐ ಫೈವ್ ತರ್ತೀನಿ!" ಎಂದು ಲ್ಯಾಪ್‌ಟಾಪಿಗೆ ಕೈ ಚಾಚಿದರು.

ಸಹನಾ ಮಾತ್ರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಿಸಕ್ಕನೆ ನಕ್ಕಳು. "ಬ್ಯಾಡಪ್ಪ! ನಂಗೆ ಬೇಕಾಗಿದ್ದೂ ಐ ತ್ರೀನೇ. ನಮ್ ಮೇಷ್ಟ್ರು ಇಷ್ಟು ಸಾಕು ಅಂದಿದ್ರು. ನೀನು ಹೆಂಗೂ ಒಂದು ನಂಬರ್ ಇಳ್ಸಿ ತರ್ತೀಯಲ್ಲ, ಅದಕ್ಕೆ ಅಮ್ಮ ಐ ಫೈವ್ ಅಂತ ಬರಿ ಅಂದ್ಲು."

"ಸರ್ಯಾಗಿ ಇಳ್ಸೇ ತಂದ್ರು ನೋಡು!" ಸರ್ವಮಂಗಳ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

ಹುಟ್ಟಿದಾರಭ್ಯ ಒಂದೇ ಒಂದು ದಿನ ಕೈ ಬಿಚ್ಚಲು ಹೋದ ಮನುಷ್ಯ! ಆ ಒಂದು ದಿನವೂ ಲೆಕ್ಕಕ್ಕಿಲ್ಲವೇ? "ದೇವ್ರಾಣೆಗೂ ನಾನು ಐ ಫೈವೇ ಕೇಳಿದ್ದು ಕಣ್ರೇ!"

"ಹೂಂ ಹೂಂ, ಕೇಳಿದ್ರಿ ಬಿಡ್ರಿ."

"ನಂಬಲ್ವಾ? ತಡೀರಿ, ಸಾಕ್ಷಿ ಕೊಡಿಸ್ತೀನಿ!" ಬಿಲ್ಲಿನಲ್ಲಿದ್ದ ನಂಬರಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. "ಏನಮ್ಮ, ಮಧ್ಯಾಹ್ನ ಲ್ಯಾಪ್‌ಟಾಪ್ ತಗಂಡ ಹೊಸದುರ್ಗದೋನು. ನಾನು ಬಂದು ಏನು ಕೇಳಿದೆ, ನಮ್ಮನೇರಿಗೆ ಒಂದ್ಸಲ ಹೇಳಮ್ಮ!"

"ಐ ತ್ರೀ ಸರ್. ನಾನು ಎರಡೂ ಉಂಟು ಅಂದೆ. ನೀವೇ ಒಂದೇ ಸಾಕು, ಐ ತ್ರೀ ಅಂದ್ರಿ."

"ಅಮ್ಮಾ ತಾಯಿ, ನಾನಂದಿದ್ದು ಐತ್ರೀ!"

"ಅದನ್ನೇ ಸರ್ ನಾನೂ ಹೇಳುವುದು."

ಸರ್ವಮಂಗಳ ಫೋನಿನ ಹತ್ತಿರಕ್ಕೆ ಬಗ್ಗಿದರು. "ಸಾಕು ಇಡಮ್ಮ. ನೀನಾದ್ರೂ ನಿಜ ಹೇಳಿದ್ಯಲ್ಲ, ನೂರು ಕಾಲ ಚೆನ್ನಾಗಿರು!"