ಮಾದರಿ ಸೋರಿಕೆ

ವಯಸ್ಕರ ಇಂಗ್ಲಿಷ್ ಶಾಲೆಯ ಎರಡನೇ ಕೊಠಡಿಯ ಚಾವಣಿಯಿಂದ ನಾಲ್ಕು ಸೆಕೆಂಡಿಗೆ ಒಂದು ಹನಿಯಂತೆ ನೀರು ಬೀಳತಕ್ಕದ್ದು ಎಂಬ ಆದೇಶ ಇಂದಿಗೂ ಜಾರಿಯಲ್ಲಿದೆ. ಆದೇಶ ಹೊರಡುವ ಮೊದಲು ಅಲ್ಲಿ ನೀರು ಯಾವ ಕಟ್ಟುಪಾಡೂ ಇಲ್ಲದೆ ಮನಸ್ಸಿಗೆ ಬಂದಂತೆ ಬೀಳುತ್ತಿತ್ತು.

ಬೀಳುತ್ತಿದ್ದದ್ದು ಮೂರನೇ ಬೆಂಚಿನ ಪ್ಲಂಬರನ ನೋಟ್‌ಬುಕ್ಕಿನ ಮೇಲೆ. ಇಪ್ಪತ್ತೆರಡು ವರ್ಷ ಕೆಲಸ ಮಾಡಿ ಕೈ ಪಳಗಿದ ಮನುಷ್ಯ. ಗೋಡೆಗೆ ಕಿವಿಯಿಟ್ಟು ಯಾವ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಹೇಳಬಲ್ಲವನು. ಆದರೆ ಲೈಸೆನ್ಸ್ ನವೀಕರಿಸಲು ಹೋದಾಗ ಹೊಸ ನಿಯಮ ಎದುರಾಯಿತು. ಕೊಳಾಯಿ ಮುಟ್ಟುವವರು ಇಂಗ್ಲಿಷಿನಲ್ಲಿ ಐದು ಪ್ರಕಾರದ ಬರಹ ಬಲ್ಲವರಾಗಿರಬೇಕು: ಸೂಚನೆ, ದೂರು, ವರದಿ, ಕಥೆ ಮತ್ತು ಅಭಿನಂದನೆ. ಪ್ಲಂಬರನಿಗೆ ಅಭಿನಂದನೆ ಯಾಕೆ ಎಂದು ಕೇಳಿದ್ದಕ್ಕೆ ಕೌಂಟರಿನವರು, "ನಿಯಮದಲ್ಲಿ ಇದೆ" ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಶಾಲೆಯ ಮೇಡಂ ಒಳ್ಳೆಯ ಹೆಂಗಸು. ಇಲಾಖೆಯ ಕೈಪಿಡಿಯನ್ನು ಅಕ್ಷರ ಬಿಡದೆ ಪಾಲಿಸುವವರು. ಯಾವುದೇ ಪ್ರಕಾರವಿರಲಿ, ಮೊದಲು ಒಂದು ಮಾದರಿ ಓದಬೇಕು, ಅದನ್ನು ಬಿಚ್ಚಿ ಭಾಗ ಭಾಗವಾಗಿ ನೋಡಬೇಕು, ಎಲ್ಲರೂ ಸೇರಿ ಒಂದು ಬರೆಯಬೇಕು, ಆಮೇಲೆ ಒಬ್ಬೊಬ್ಬರೇ ಬರೆಯಬೇಕು. ಬಿಚ್ಚಿ ನೋಡುವುದು, ಜೋಡಿಸುವುದು ಎಂದಾಗ ಪ್ಲಂಬರನಿಗೆ ಹೋದ ಜೀವ ಬಂದಂತಾಯಿತು. ಸೂಚನೆ ಬರಹದಲ್ಲಿ ಅವನೇ ಮೊದಲಿಗ.

ದೂರು ಪತ್ರದ ಪಾಠ ಶುರುವಾದ ಸಂಜೆ ಅವನು ಎದ್ದುನಿಂತ.

"ಮೇಡಂ, ಮೇಲೆ ಪೈಪ್ ತಿರುಗೋ ಕಡೆ ಎಲ್ಬೋ ಸಡಿಲ ಆಗಿದೆ. ಹತ್ತು ನಿಮಿಷದ ಕೆಲಸ. ಅಪ್ಪಣೆ ಕೊಟ್ರೆ ಈಗ್ಲೇ ಮಾಡಿಕೊಡ್ತೀನಿ."

"ಕೂತ್ಕೊಳ್ಳಿ. ಬರಹಕ್ಕೆ ನಿಜವಾದ ಉದ್ದೇಶ ಇರಬೇಕು, ನಿಜವಾದ ಓದುಗರು ಇರಬೇಕು ಅಂತ ಕೈಪಿಡೀಲಿದೆ. ನೀವು ಸರಿಮಾಡಿಬಿಟ್ರೆ ನಾವು ಯಾವುದರ ಮೇಲೆ ದೂರು ಕೊಡೋಣ?"

ಮಾತಿನಲ್ಲಿ ನ್ಯಾಯವಿತ್ತು. ಅವನು ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿ ಕೂತ.

ಹದಿನೆಂಟು ಜನ ಸೇರಿ ಬರೆದ ಪತ್ರ ಕಟ್ಟಡ ವಿಭಾಗಕ್ಕೆ ಹೋಯಿತು. ಹದಿನೈದು ದಿನಕ್ಕೆ ಉತ್ತರ ಬಂತು. ಹತ್ತಕ್ಕೆ ಆರು ಅಂಕ. 'ಸಮಸ್ಯೆಯು ಮೂರನೇ ವಾಕ್ಯದಲ್ಲಿ ಕಾಣಿಸಿಕೊಂಡಿದೆ, ಮೊದಲನೆಯದರಲ್ಲಿ ಬರತಕ್ಕದ್ದು. ಮುಕ್ತಾಯದಲ್ಲಿ ವಿನಯ ಸಾಲದು. ತಿದ್ದಿ ಬರೆಯುವುದು.'

"ಮತ್ತೆ ನೀರಿನ ವಿಷಯ?" ಎಂದ ಪ್ಲಂಬರ್.

"ಅದರ ಬಗ್ಗೆ ಏನೂ ಬರ್ದಿಲ್ಲ. ಆದ್ರೆ ನೋಡಿ, ಕಾಮಾಗಳನ್ನೆಲ್ಲ ಒಂದೂ ಬಿಡದೆ ತಿದ್ದಿದ್ದಾರೆ," ಎಂದರು ಮೇಡಂ. ಅವರ ಕಣ್ಣು ತುಂಬಿ ಬಂದಿತ್ತು.

ತಿದ್ದಿ ಬರೆದರು. ಈ ನಡುವೆ ಚಾವಣಿಯ ಗಾರೆ ತಟ್ಟೆಯಗಲ ಕಳಚಿ ಬೆಂಚಿನ ಮೇಲೆ ಬಿತ್ತು. ತರಗತಿ ಅದನ್ನು ಪೂರಕ ವಿವರವೆಂದು ಎರಡನೇ ಪ್ಯಾರಾಕ್ಕೆ ಸೇರಿಸಿಕೊಂಡಿತು. ಈ ಸಲ ಒಂಬತ್ತು ಅಂಕ. ಅಷ್ಟೇ ಅಲ್ಲ, ಮುಂದಿನ ವರ್ಷದ ಪಠ್ಯಪುಸ್ತಕಕ್ಕೆ ಮಾದರಿ ದೂರು ಪತ್ರವಾಗಿ ಅದು ಆಯ್ಕೆಯಾಯಿತು.

ಮನೆಯಲ್ಲಿ ಹೆಂಡತಿ ಅವನ ಒದ್ದೆ ಅಂಗಿ ಹಿಂಡುತ್ತಾ ಕೇಳಿದಳು. "ರೀ, ತಲೆ ಮೇಲೆ ನೀರು ಬೀಳ್ತಿದೆ. ಹದಿನೆಂಟು ಜನ ಕೂತು ಅದಕ್ಕೆ ಕಾಮಾ ಹಾಕ್ತಿದೀರಾ?"

"ನಿನಗೆ ಪ್ರಕಾರ ಅಂದ್ರೇನು ಗೊತ್ತಿಲ್ಲ ಬಿಡು."

"ಸೋರೋದು ಅಂದ್ರೇನು ಗೊತ್ತು. ನಿಮಗೂ ಗೊತ್ತಿತ್ತು."

ಮಾತು ನಾಟಿತು. ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಶಾಲೆಗೆ ಹೋದ. ವಾಚ್‌ಮನ್ ಬಾಗಿಲು ತೆರೆದ. ಟೇಪ್ ಸುತ್ತಿ ಎಲ್ಬೋ ಬಿಗಿಮಾಡಲು ಹಿಡಿದದ್ದು ಏಳೇ ನಿಮಿಷ. ಒಣಗಿದ ಚಾವಣಿಯ ಕೆಳಗೆ ಇನ್ನೂ ಅರ್ಧ ಗಂಟೆ ಸುಮ್ಮನೆ ಕೂತಿದ್ದ. ಎಷ್ಟೋ ದಿನದ ಮೇಲೆ ತಾನು ಯಾರೆಂದು ಅವನಿಗೆ ನೆನಪಾಗಿತ್ತು.

ಬುಧವಾರ ಸಂಜೆ ಬರಹ ಪ್ರಕಾರಗಳ ಪರಿಶೀಲನಾಧಿಕಾರಿ ಬಂದರು. ಪಠ್ಯಪುಸ್ತಕಕ್ಕೆ ಸೋರಿಕೆಯ ಫೋಟೊ ಬೇಕಿತ್ತು. ಅವರು ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಸೋರ್ತಿಲ್ಲವಲ್ಲ?"

"ನಿಂತಿದೆ ಸಾರ್," ಎಂದರು ಮೇಡಂ, ಬಿಳಿಚಿಕೊಂಡು.

"ಸೋರಿಕೆ ಇಲ್ಲ ಅಂದ್ಮೇಲೆ ಇದು ದೂರಲ್ಲ, ಕಥೆ. ಕಥೆ ನಾಲ್ಕನೇ ಪಾಠ. ನೀವು ಎರಡನೇ ಪಾಠದಲ್ಲಿದ್ದೀರಿ. ಇಡೀ ತರಗತಿಯ ಅಂಕ ರದ್ದು ಮಾಡಬೇಕಾಗುತ್ತೆ."

ಹಿಂದಿನ ಬೆಂಚಿನ ದರ್ಜಿ ಹೆಂಗಸು ಮುಂದಕ್ಕೆ ಬಾಗಿ ಪಿಸುಗುಟ್ಟಿದಳು. "ಅಣ್ಣಾ, ನಂದೂ ಹೋಗುತ್ತೆ. ಮೂರನೇ ಸಲ ಕಟ್ತಿದೀನಿ ಈ ಪರೀಕ್ಷೆ."

ಪ್ಲಂಬರ್ ಎದ್ದ. "ನಾನೇ ರಿಪೇರಿ ಮಾಡಿದ್ದು ಸಾರ್. ತಪ್ಪಾಯ್ತು."

"ಹಾಗಾದ್ರೆ ಬಿಚ್ಚಿ."

ಬೆಂಚಿನ ಮೇಲೆ ಹತ್ತಿ ಸ್ಪ್ಯಾನರ್ ಹಿಡಿದವನ ಕೈ ಅಲ್ಲೇ ನಿಂತುಬಿಟ್ಟಿತು. ಸೋರುವುದನ್ನು ನಿಲ್ಲಿಸಿ ಅನ್ನ ತಿಂದವನು, ನಿಂತದ್ದನ್ನು ಎಂದೂ ಸೋರಿಸಿದವನಲ್ಲ. ಕೆಳಗೆ ನೋಡಿದ. ಹದಿನೇಳು ಮುಖಗಳು ಮೇಲೆ ನೋಡುತ್ತಿದ್ದವು. ಕಣ್ಣು ಮುಚ್ಚಿ ಕಾಲು ಸುತ್ತು ತಿರುಗಿಸಿದ.

ಮೊದಲ ಹನಿ ಅಧಿಕಾರಿಯ ಫೈಲಿನ ಮೇಲೆ ಬಿತ್ತು. ಅವರು ವಾಚು ನೋಡಿದರು. ಎರಡನೆಯದು, ಮೂರನೆಯದು.

"ಸರಿಯಾಗಿ ನಾಲ್ಕು ಸೆಕೆಂಡು. ಇಷ್ಟು ಶಿಸ್ತಾಗಿ ಸೋರೋದನ್ನ ನಾನು ಎಲ್ಲೂ ನೋಡಿಲ್ಲ. ಎಲ್ಲಿದ್ರಿ ನೀವು ಇಷ್ಟು ದಿನ?"

ತಿಂಗಳೊಳಗೆ ಪ್ಲಂಬರನ ಲೈಸೆನ್ಸ್ ನವೀಕರಣವಾಗಿ ಬಂತು, ಉಳಿದ ಮೂರು ಪಾಠಗಳಿಂದ ವಿನಾಯಿತಿ ಸಹಿತ. ಜೊತೆಗೆ ನೇಮಕದ ಆದೇಶ: ಇಲಾಖೆಯ ವಲಯ ಸೋರಿಕೆ ತಜ್ಞರು. ಹೆಂಡತಿ ಆದೇಶವನ್ನು ಎರಡು ಸಲ ಓದಿಸಿ ಕೇಳಿದಳು. "ಪಿಂಚಣಿ ಇದೆಯಾ?" ಎಂದಳು. ಇದೆ ಎಂದ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ.

ಮೊದಲ ಭೇಟಿ ಪಟ್ಟಣದ ಆಚೆ ತುದಿಯ ಶಾಲೆಗೆ. ಹೊಸ ಕಟ್ಟಡ, ಗಟ್ಟಿ ಕಾಂಕ್ರೀಟು. ಮುಖ್ಯೋಪಾಧ್ಯಾಯರು ಗೇಟಿಗೇ ಬಂದು ಕೈ ಹಿಡಿದುಕೊಂಡರು.

"ಸಾರ್, ನಮ್ಮಲ್ಲಿ ಎಲ್ಲಾ ಚೆನ್ನಾಗೇ ಇದೆ. ಎರಡು ವರ್ಷದಿಂದ ಒಬ್ಬರೂ ದೂರು ಪತ್ರದಲ್ಲಿ ಪಾಸಾಗಿಲ್ಲ. ಏನಾದ್ರೂ ದಾರಿ ಮಾಡಿ."

"ಚಿಂತೆ ಬಿಡಿ," ಎಂದು ಅವನು ಅಂಗಿಯ ತೋಳು ಮಡಿಸಿದ.

ಡ್ರಿಲ್ ಮಾಡಿ, ಪೈಪಿಗೆ ತೂತು ಹಾಕಿ ಇಳಿಯುವ ಹೊತ್ತಿಗೆ ವಿದ್ಯಾರ್ಥಿಗಳು ಬಂದು ಸಾಲಾಗಿ ಕೂತಿದ್ದರು. ನೀರು ಮುಂದಿನ ಬೆಂಚಿನ ಮುದುಕರೊಬ್ಬರ ಬೋಳುತಲೆಗೆ ಸರಿಯಾಗಿ ಬಿತ್ತು. ಅವರು ತಲೆಯನ್ನು ಸರಿಸಲಿಲ್ಲ. ಕನ್ನಡಕ ಒರೆಸಿಕೊಂಡು ಪೆನ್ನಿನ ಮುಚ್ಚಳ ತೆಗೆದರು, ಪಕ್ಕದವನನ್ನು ಮೆಲ್ಲಗೆ ಕೇಳಿದರು: "ಗೌರವಾನ್ವಿತ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನಪ್ಪಾ?"