ಹೊರಡದ ಪತ್ರಗಳು

ಬರೀ ಒಂದು ಸಾಲು ಬರೆಯಲು ಮರೆತದ್ದಕ್ಕೆ ಮೂರು ವಾರದಿಂದ ಕಂಪನಿಯ ಒಂದು ಪತ್ರವೂ ಯಾರಿಗೂ ತಲುಪಿರಲಿಲ್ಲ. ಮರೆತವನು ಚಿಂತಾಮಣಿ. ಸದಾ ಚಿಂತೆಯಲ್ಲಿರುವ ಆ ಪ್ರೋಗ್ರಾಮರ್‌ಗೆ ಆಫೀಸಿನವರಿಟ್ಟ ಹೆಸರದು. ಇ-ಮೇಲ್‌ನಲ್ಲಿ ಪತ್ರ ಕಳಿಸುವ ಜಾವಾ ಅಪ್ಲಿಕೇಶನ್ನನ್ನು ಹೊಸ ಸರ್ವರ್‌ಗೆ ಏರಿಸಿದವನು, 'ಇದು ಪರೀಕ್ಷೆಯಲ್ಲ, ನಿಜವಾದ ಕೆಲಸ' ಎಂಬ ಸೆಟ್ಟಿಂಗ್ ಕೊಟ್ಟಿರಲಿಲ್ಲ. ಅದು ಪಾಪ, ಪರೀಕ್ಷೆಯೆಂದೇ ತಿಳಿದು ಪತ್ರಗಳನ್ನೆಲ್ಲ ಮಡಿಲಲ್ಲಿಟ್ಟುಕೊಂಡು ಕೂತಿತ್ತು.

ಅವನೂ ಒಂದು ಪತ್ರಕ್ಕೆ ಕಾಯುತ್ತಿದ್ದ. ಹೆಂಡತಿ, ಮಗಳು ಇರುವ ಊರಿಗೆ ವರ್ಗ ಕೇಳಿ ಎರಡು ವರ್ಷವಾಗಿತ್ತು. ಅಲ್ಲಿದ್ದುದು ಒಂದೇ ಜಾಗ. ಬಾಯಿಬಿಟ್ಟರೆ ಕೆಲಸ ಕೆಡುತ್ತದೆಂದು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಮಗಳು ಫೋನಿನಲ್ಲಿ ಅವನನ್ನು "ಅಂಕಲ್" ಎಂದಿದ್ದಳು. ಅಂದಿನಿಂದ ದಿನಕ್ಕೆ ಹತ್ತು ಸಲ ಇನ್‌ಬಾಕ್ಸ್ ತೆರೆದು ನೋಡುತ್ತಿದ್ದ.

ವಿಷಯ ಬಯಲಾದ ದಿನ ಬೆಳಿಗ್ಗೆ, ಸಂಜೆಯೊಳಗೆ ಸರಿಯಾಗಬೇಕೆಂದು ಮ್ಯಾನೇಜರ್ ಮೇಡಂ ಹೇಳಿಹೋದರು. ಚಿಂತಾಮಣಿ ತನ್ನ ಪರದೆಯಲ್ಲಿ ಆ ಸಾಲು ಬರೆದು ಓದಿನೋಡಿದ. ಸರಿಯಾಗಿಯೇ ಇತ್ತು. ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿದರೂ ಅಪ್ಲಿಕೇಶನ್ ಮಾತ್ರ 'ಪರೀಕ್ಷೆ' ಎಂದೇ ಹಟ ಹಿಡಿಯಿತು. ಕರೆಯದಿದ್ದರೂ ಜನ ನೆರೆದರು. ಒಬ್ಬ ಅಕ್ಷರ ದೊಡ್ಡದು ಮಾಡು ಎಂದ, ಇನ್ನೊಬ್ಬ ಚಿಕ್ಕದು ಮಾಡು ಎಂದ. ರಿಸೆಪ್ಶನ್ ಅಕ್ಕ, ಆರಿಸಿ ಹಾಕಿದರೆ ಎಲ್ಲ ಸರಿಹೋಗುತ್ತದೆಂದು ತಾವೇ ಅವನ ಕಂಪ್ಯೂಟರಿನ ಸ್ವಿಚ್ ಒತ್ತಿದರು. ಬೆಳಗಿನಿಂದ ಬರೆದದ್ದೆಲ್ಲ ನೀರಲ್ಲಿ ಹೋಮವಾಯಿತು.

ಅವನು ಆ ಸಾಲನ್ನು ಮತ್ತೆ ಬರೆದ ಮೇಲೆ ಪಕ್ಕದ ಕುರ್ಚಿಯ ಹಿರಿಯರು, ಎಲ್ಲರೂ ದೊಡ್ಡಣ್ಣ ಎನ್ನುವವರು, ಕನ್ನಡಕ ಸರಿಸಿ ನೋಡಿದರು.

"ಅಲ್ಲಯ್ಯಾ, ನೀನು ನಿನ್ನ ಲಾಗಿನ್‌ನಲ್ಲಿ ಬರ್ದಿದ್ದೀಯ. ಸರ್ವರ್ ಓಡೋದು ಬೇರೆ ಲಾಗಿನ್‌ನಲ್ಲಿ. ನಿಮ್ಮನೆ ಗೋಡೆ ಮೇಲೆ ಬರ್ದಿದ್ದು ಪಕ್ಕದ್ಮನೆಯವ್ರಿಗೆ ಕಾಣುತ್ತಾ?"

ಸರ್ವರ್ ಓದುವ ಫೈಲಿನಲ್ಲೇ ಆ ಸಾಲು ಬರೆದದ್ದೇ ತಡ, ಪತ್ರಗಳೆಲ್ಲ ದಬದಬನೆ ಹೊರಟವು. ಚಿಂತಾಮಣಿ ದೊಡ್ಡಣ್ಣನ ಕೈ ಹಿಡಿದು, ಈ ಉಪಕಾರ ಸಾಯೋವರೆಗೂ ಮರೆಯೋದಿಲ್ಲ ಎಂದ.

ಅವನಿಗೂ ಒಂದು ಬಂತು. ವರ್ಗ ಮಂಜೂರಾಗಿತ್ತು. ಕಣ್ಣು ಮಂಜಾಯಿತು. ಒರೆಸಿಕೊಂಡು ಮುಂದೆ ಓದಿದ. ಹದಿನೈದು ದಿನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ. ಪತ್ರ ಬರೆದು ಇಪ್ಪತ್ತು ದಿನವಾಗಿತ್ತು. ದೂರು ಕೊಡೋಣವೆಂದರೆ ತಪ್ಪು ಯಾರದೆಂದು ಕೇಳುತ್ತಾರೆ.

"ನಂಗೂ ಒಂದು ಬಂದಿದೆ ಕಣಯ್ಯಾ," ದೊಡ್ಡಣ್ಣ ಪರದೆಯತ್ತ ಬಗ್ಗಿದರು. "ವರ್ಗ ಕೇಳಿದ್ದೆ, ಪಟ್ಟೀಲಿ ಎರಡನೆಯವನಾಗಿದ್ದೆ. ಮೊದಲನೆಯವನು ಯಾರೋ ಪುಣ್ಯಾತ್ಮ ಉತ್ತರಾನೇ ಕೊಡ್ಲಿಲ್ವಂತೆ, ಜಾಗ ನಂಗೆ ಬಂದಿದೆ. ನಿನ್ನ ಹೆಂಡ್ತಿ ಇರೋ ಊರೇ ಅಲ್ವಾ ಅದು? ಒಂದು ಬಾಡಿಗೆ ಮನೆ ನೋಡಕ್ಕೆ ಹೇಳಪ್ಪ."